ಆಮೇಲೇನಣ್ಣನ ಬೆಂಕಿಪೊಟ್ಟಣಗಳು

ನನ್ನ ಸೋದರಮಾವನಿಗೆ ಕಾರ್ಖಾನೆಗಳಲ್ಲಿ ಆಮೇಲೇನಣ್ಣ ಅಂತ ಹೆಸರು. ಯಾರು ಏನೇ ಹೇಳಲಿ, ಅವನ ಬಾಯಿಂದ ಮೊದಲು ಬರುವುದು "ಆಮೇಲೇನು?" ಎಂಬ ಪ್ರಶ್ನೆ. "ಪಂಪ್ ನಿಂತೋಯ್ತು ಅಣ್ಣಾ" ಅಂದರೆ "ಆಮೇಲೇನು?" "ಬೆಲ್ ಹೊಡ್ಕೊಳ್ತು." "ಆಮೇಲೇನು?" "ಬಂದ್ ಮಾಡ್ದೆ." "ಯಾವ್ದನ್ನ? ಪಂಪನ್ನೋ, ಬೆಲ್ಲನ್ನೋ?" ಅಷ್ಟು ಹೊತ್ತಿಗೆ ಎದುರಿಗಿದ್ದವನು ತಲೆ ಕೆರೆದುಕೊಳ್ಳುತ್ತಿರುತ್ತಾನೆ. ಬಹಳಷ್ಟು ಸಲ ಬಂದ್ ಆಗಿರುವುದು ಬೆಲ್ಲೇ.

ಮನೆಯಲ್ಲೂ ಅವನ ವರಸೆ ಅದೇ. "ಇನ್ನೊಂದು ಲೋಟ ಟೀ ಬೇಕಾ ಅಂತ ಕೇಳಿದ್ರೆ ಹೂಂ ಅನ್ನಲ್ಲ, ಉಹೂಂ ಅನ್ನಲ್ಲ. ಬೇಡ ಅಂದ್ರೆ ಆಮೇಲೇನು ಅಂತ ಯೋಚಿಸ್ತಾ ಕೂತಿರ್ತಾರೆ, ಟೀ ಆರಿ ಹೋಗಿರುತ್ತೆ" ಎಂದು ಅತ್ತೆ ಬಂದವರೆದುರಿಗೆಲ್ಲ ಅವನ ಮಾನ ಹರಾಜು ಹಾಕುತ್ತಾಳೆ. ಮಾವ ನಗುತ್ತಾನೆ. ಮೊದಲು ಅವನು ಹೀಗಿರಲಿಲ್ಲ. ಎಷ್ಟು ಬೇಗ ಮಾತಾಡುತ್ತಿದ್ದನೋ ಅಷ್ಟೇ ಬೇಗ ಮರೆಯುತ್ತಿದ್ದ, ಕುಶಾಲಿನ ಮನುಷ್ಯ. ಯಾವ ದಿನದಿಂದ ಹೀಗಾದ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು.

ಓದಿದ್ದು ಹತ್ತನೇ ಕ್ಲಾಸು. ಹೆಗಲ ಚೀಲದಲ್ಲಿ ಒಂದು ಸುರುಳಿ ಕಂದು ಕಾಗದ, ಎರಡು ಪೆನ್ಸಿಲ್, ಹದಿನೈದಿಪ್ಪತ್ತು ಖಾಲಿ ಬೆಂಕಿಪೊಟ್ಟಣ, ಒಂದು ಹಿಡಿ ಸೋಡಾ ಬಾಟಲಿಯ ಮುಚ್ಚಳ. ಇಷ್ಟನ್ನು ಹೊತ್ತುಕೊಂಡು ಅವನು ಮೂವತ್ತು ವರ್ಷ ಕಾರ್ಖಾನೆಯಿಂದ ಕಾರ್ಖಾನೆಗೆ ತಿರುಗಿದ್ದಾನೆ. ಹೋದ ಕಡೆಯೆಲ್ಲ ಗೇಟಿನಲ್ಲೇ ಜಗಳ. ಬೆಂಕಿಪೊಟ್ಟಣ ಒಳಗೆ ಬಿಡುವ ಹಾಗಿಲ್ಲ ಅಂತ ಕಾವಲುಗಾರ ಹಿಡಿದು ನಿಲ್ಲಿಸುತ್ತಾನೆ. ಇವನು ಒಂದೊಂದನ್ನೇ ತೆಗೆದು ತೋರಿಸುತ್ತಾನೆ: "ನೋಡಪ್ಪಾ, ಕಡ್ಡಿ ಇಲ್ಲ. ಬರೀ ಕಾಗದ." ಕಾವಲುಗಾರ ಒಳಗಿನ ಚೀಟಿ ಬಿಡಿಸಿ ಓದುತ್ತಾನೆ. 'ಮೀಟರ್ ಎಂಬತ್ತಾರು. ನೀರು ಬರ್ತಿದೆ. ಬೆಲ್ ಇಲ್ಲ.' ಅವನಿಗೆ ಏನೂ ಅರ್ಥವಾಗದೆ ಬಿಟ್ಟುಬಿಡುತ್ತಾನೆ.

ಅವನ ಕೆಲಸ ಇಷ್ಟು. ಕ್ಯಾಂಟೀನಿನ ಮೇಜಿನ ಮೇಲೆ ಕಾಗದ ಹಾಸುತ್ತಾನೆ. ಮನುಷ್ಯ ಹೀಗೆ ಮಾಡಲೋ ಹಾಗೆ ಮಾಡಲೋ ಎಂದು ಆರಿಸಬೇಕಾದ ಜಾಗದಲ್ಲಿ ಒಂದು ಬೆಂಕಿಪೊಟ್ಟಣ ಇಡುತ್ತಾನೆ. ಮನುಷ್ಯನ ಕೈಯಲ್ಲಿಲ್ಲದ್ದಕ್ಕೆ, ಅಂದರೆ ಕರೆಂಟ್ ಹೋಗುವುದು, ಪೈಪು ಕಟ್ಟುವುದು, ಇಂಥದ್ದಕ್ಕೆ ಬಾಟಲಿ ಮುಚ್ಚಳ. ಒಂದರಿಂದ ಇನ್ನೊಂದಕ್ಕೆ ಪೆನ್ಸಿಲ್ ಗೆರೆ. ಪ್ರತಿ ಗೆರೆಯ ಮೇಲೆ, ಸಾವಿರ ಸಲದಲ್ಲಿ ಹೀಗಾಗುವುದು ಎಷ್ಟು ಸಲ ಎಂದು ಬರೆಯುತ್ತಾನೆ. ಗೆರೆಗಳು ಕವಲೊಡೆಯುತ್ತಾ ಮೇಜಿನ ತುದಿಗೆ ಹೋಗುತ್ತವೆ. ಕೆಲವು 'ಮನೆಗೆ ಹೋದರು' ಎಂಬಲ್ಲಿ ಮುಗಿಯುತ್ತವೆ, ಕೆಲವು ಹಾಗೆ ಮುಗಿಯುವುದಿಲ್ಲ. ಅನಾಹುತ ಆಗುವ ಮೊದಲೇ ಅದು ಯಾವ ದಾರಿಯಲ್ಲಿ ಬಂದೀತು ಎಂದು ಹುಡುಕಿ ಆ ದಾರಿ ಮುಚ್ಚುವ ಲೆಕ್ಕ ಅದು. ಇದಕ್ಕೆ ದೊಡ್ಡ ದೊಡ್ಡ ಪುಸ್ತಕಗಳಿವೆ, ಕಂಪ್ಯೂಟರುಗಳಿವೆ. ಮಾವನ ಹತ್ತಿರ ಇರುವುದು ಪೊಟ್ಟಣ.

ಪೊಟ್ಟಣವೇ ಯಾಕೆ ಅಂದರೆ ಅದಕ್ಕೆ ಒಳಗು ಹೊರಗು ಇದೆ. ಹೊರಗೆ ಬರೆಯುವುದು ಆ ಮನುಷ್ಯ ಏನು ಮಾಡಿದ ಅಂತ. ಒಳಗೆ ಇಡುವ ಚೀಟಿಯಲ್ಲಿ, ಮಾಡುವ ಹೊತ್ತಿಗೆ ಅವನ ಕಣ್ಣಿಗೆ ಏನು ಕಾಣುತ್ತಿತ್ತು ಅಂತ. ಒಳಗಿನದನ್ನು ಓದದೆ ಹೊರಗಿನದರ ಬಗ್ಗೆ ಬಾಯಿ ಬಿಡಕೂಡದು. ಮ್ಯಾನೇಜರ್ ಆಗಲಿ, ಮಾಲೀಕನಾಗಲಿ, ಆ ಮೇಜಿನ ಹತ್ತಿರ ಇದೇ ಕಾನೂನು.

ಇದನ್ನು ಅವನು ಕಲಿತದ್ದು ನಮ್ಮಪ್ಪನ ಸಾವಿನಿಂದ.

ಅದು ಪ್ಲೈವುಡ್ಡಿಗೆ ಹಚ್ಚುವ ಅಂಟು ತಯಾರಿಸುವ ಕಾರ್ಖಾನೆ. ಎರಡು ದೊಡ್ಡ ಉಕ್ಕಿನ ಪಾತ್ರೆಗಳು, ಕೆಲಸಗಾರರ ಬಾಯಲ್ಲಿ ಒಂದನೇ ಕೆಟಲ್, ಎರಡನೇ ಕೆಟಲ್. ಒಳಗೆ ಸುರಿದ ರಾಸಾಯನಿಕಗಳು ಬೆರೆತರೆ ತಾವಾಗೇ ಬಿಸಿಯೇರುತ್ತವೆ. ಸುತ್ತ ತಣ್ಣೀರು ಹರಿಸಿ ಹದದಲ್ಲಿಡಬೇಕು. ತೊಂಬತ್ತೈದು ಡಿಗ್ರಿ ದಾಟಿತೋ, ಆಮೇಲೆ ಅದು ಯಾರ ಮಾತೂ ಕೇಳುವುದಿಲ್ಲ. ಅಂಥ ಹೊತ್ತಿಗೆಂದು ಪಕ್ಕದಲ್ಲೊಂದು ಕೆಂಪು ಹಿಡಿ ಇತ್ತು. ಎಳೆದರೆ ಇಡೀ ಮಾಲು ಕೆಳಗಿನ ನೀರಿನ ತೊಟ್ಟಿಗೆ ಸುರಿದು ಹೋಗುತ್ತದೆ. ಮಾಲು ಹಾಳು, ಜೀವ ಉಳಿಯುತ್ತದೆ.

ಅಪ್ಪ ಅಲ್ಲಿ ಇಪ್ಪತ್ತೆರಡು ವರ್ಷ ಆಪರೇಟರ್ ಆಗಿದ್ದ. ಮಾವನನ್ನು ಅಲ್ಲಿಗೆ ಸೇರಿಸಿದವನೂ ಅಪ್ಪನೇ. ಇಬ್ಬರದೂ ಒಂದೇ ಕೆಲಸ, ಬೇರೆ ಬೇರೆ ಪಾಳಿ. ಮಾವ ಬೆಳಗಿನದು ಮುಗಿಸುವ ಎರಡು ಗಂಟೆಗೆ ಅಪ್ಪ ಮಧ್ಯಾಹ್ನದ್ದಕ್ಕೆ ಬರುವುದು. ಭಾವ, ಭಾಮೈದ ದಿನಕ್ಕೆ ಎರಡು ನಿಮಿಷ ಬಾಗಿಲಲ್ಲಿ ಎದುರಾಗುತ್ತಿದ್ದರು. ಬಸ್ ಹಿಡಿಯುವ ಅವಸರದಲ್ಲಿ ಒಬ್ಬ, ಬಟ್ಟೆ ಬದಲಿಸುವ ಅವಸರದಲ್ಲಿ ಇನ್ನೊಬ್ಬ.

ಆ ಕೆಟಲ್ ಕೋಣೆಯಲ್ಲಿ ಒಂದು ಕಪ್ಪು ಬೋರ್ಡು. ಪಾಳಿಯಲ್ಲಿ ಏನಾದರೂ ಹೆಚ್ಚು ಕಡಿಮೆಯಾದರೆ ಸೀಮೆಸುಣ್ಣದಲ್ಲಿ ಅದರ ಮೇಲೆ ಬರೆಯಬೇಕು, ಮುಂದಿನ ಪಾಳಿಯವನು ಓದಿ ಸಹಿ ಹಾಕುವವರೆಗೆ ಅಳಿಸಬಾರದು ಎಂದು ನಿಯಮದ ಪುಸ್ತಕದಲ್ಲಿತ್ತು. ಪುಸ್ತಕ ಮ್ಯಾನೇಜರ್ ಕೋಣೆಯ ಬೀರುವಿನಲ್ಲಿತ್ತು. ಕೆಟಲ್ ಕೋಣೆಯಲ್ಲಿ ನಡೆಯುತ್ತಿದ್ದದ್ದು ಬೇರೆ ಪದ್ಧತಿ. ಹೋಗುವವನು ಬೋರ್ಡನ್ನು ಒರೆಸಿ, ಒದ್ದೆ ಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಿ, ಫಳಫಳ ಮಾಡಿ ಬಿಟ್ಟುಹೋಗಬೇಕು. ಬರೆದದ್ದನ್ನು ಹಾಗೇ ಬಿಟ್ಟುಹೋಗುವುದೆಂದರೆ ತನ್ನ ತಾಪತ್ರಯ ಇನ್ನೊಬ್ಬನ ತಲೆಗೆ ಕಟ್ಟಿದ ಹಾಗೆ, ಉಂಡ ತಟ್ಟೆ ತೊಳೆಯದೆ ಎದ್ದ ಹಾಗೆ. ಯಾವುದೋ ಹಳೇ ಮೇಸ್ತ್ರಿ ಹಾಕಿಕೊಟ್ಟ ಮರ್ಯಾದೆ ಅದು. ಒಳ್ಳೆಯ ಆಪರೇಟರ್ ಅಂದರೆ ಬೋರ್ಡು ಚೊಕ್ಕಟವಾಗಿ ಬಿಟ್ಟುಹೋಗುವವನು. ಇವರಿಬ್ಬರಲ್ಲಂತೂ ಪೈಪೋಟಿ. "ಏನಪ್ಪಾ ಭಾಮೈದ, ಇವತ್ತು ಬೋರ್ಡಲ್ಲಿ ತಲೆ ಬಾಚ್ಕೋಬಹುದು" ಎಂದು ಅಪ್ಪ ಕಿಚಾಯಿಸುತ್ತಿದ್ದನಂತೆ.

ಆ ದಿನ ಹನ್ನೆರಡು ಗಂಟೆಗೆ ಮಾವನಿಗೆ ಎರಡನೇ ಕೆಟಲಿನ ಬಿಸಿ ತೋರಿಸುವ ಮೀಟರಿನ ಮೇಲೆ ಅನುಮಾನ ಬಂತು. ಕೈ ಥರ್ಮಾಮೀಟರ್ ಇಟ್ಟು ನೋಡಿದ. ಮೀಟರ್ ಇದ್ದದ್ದಕ್ಕಿಂತ ಹನ್ನೆರಡು ಡಿಗ್ರಿ ಕಡಿಮೆ ತೋರಿಸುತ್ತಿತ್ತು. ಬೋರ್ಡಿನ ಮೇಲೆ ದೊಡ್ಡದಾಗಿ ಬರೆದ: 'ಎರಡನೇ ಕೆಟಲ್ ಮೀಟರ್ ಹನ್ನೆರಡು ಕಡಿಮೆ. ನಂಬಬೇಡಿ.' ಒಂದೂವರೆಗೆ ಮೀಟರ್ ರಿಪೇರಿಯವನು ಬಂದ. ಬೋರ್ಡು ಓದಿದ, ಮುಚ್ಚಳ ಬಿಚ್ಚಿದ, ಊದಿದ, ಪಾನಾದಲ್ಲಿ ಎರಡೇಟು ಕೊಟ್ಟ. ಮುಳ್ಳು ಜಿಗಿದು ಸರಿಯಾದ ಜಾಗಕ್ಕೆ ಬಂದು ನಿಂತಿತು. ಮಾವ ಕೈ ಥರ್ಮಾಮೀಟರ್ ಇಟ್ಟುಕೊಂಡು ಇಪ್ಪತ್ತು ನಿಮಿಷ ಕಾದ. ಎರಡೂ ಒಂದೇ ತೋರಿಸುತ್ತಿದ್ದವು. ಎರಡಕ್ಕೆ ಐದು ನಿಮಿಷವಿತ್ತು. ಬೋರ್ಡು ಒರೆಸಿದ.

ಬಾಗಿಲಲ್ಲಿ ಅಪ್ಪ ಎದುರಾದ. "ಏನಪ್ಪಾ?" ಅಂದ. "ಎಲ್ಲ ಸರಿ ಇದೆ ಭಾವ" ಅಂದ ಮಾವ.

ಮೂರು ಗಂಟೆಯ ನಂತರ ಯಾವಾಗಲೋ ಮೀಟರ್ ಮತ್ತೆ ಜಾರಿತು. ಕೆಟಲ್ ಬಿಸಿಯೇರತೊಡಗಿದಾಗ ಅಪ್ಪ ನೀರು ಪೂರ್ತಿ ಬಿಟ್ಟ, ಕಲಕುವ ಮೋಟಾರಿನ ವೇಗ ಹೆಚ್ಚಿಸಿದ. ಮುಳ್ಳು ತೊಂಬತ್ತಕ್ಕೆ ಬಂದಾಗ ಜೊತೆಗಿದ್ದ ಇಬ್ಬರು ಸಹಾಯಕರಿಗೆ "ಹೊರಗೆ ನಡೀರಿ" ಅಂದ. ತೊಂಬತ್ತಮೂರಕ್ಕೆ ಬಂದಾಗ ಕೆಂಪು ಹಿಡಿಗೆ ಕೈ ಹಾಕಿದ. ಬಾಗಿಲಲ್ಲಿ ತಿರುಗಿ ನೋಡಿದ ಸಹಾಯಕನೊಬ್ಬ ಕಂಡದ್ದು ಅಷ್ಟು. ಒಳಗಿನ ಬಿಸಿ ನಿಜಕ್ಕೂ ನೂರಾ ಐದಾಗಿತ್ತು. ಕೆಟಲ್ ಸಿಡಿದು ಬೋರ್ಡು, ಗೋಡೆ ಎಲ್ಲ ಪುಡಿಯಾಯಿತು. ಸಹಾಯಕರು ಇಬ್ಬರೂ ಬದುಕಿದರು. ಕೆಂಪು ಹಿಡಿ ಅರ್ಧ ಎಳೆದ ಸ್ಥಿತಿಯಲ್ಲಿ ಸಿಕ್ಕಿತು.

ಹತ್ತು ದಿನಕ್ಕೆ ಕಾರ್ಖಾನೆಯವರ ವರದಿ ಬಂತು. ಮೀಟರ್ ಕೆಟ್ಟದ್ದು ಬೋರ್ಡಿನ ಮೇಲೆ ಬರೆದಿತ್ತು. ಬರೆದವನು ಬರೆದೆ ಅಂತಾನೆ, ರಿಪೇರಿಯವನು ಓದಿದೆ ಅಂತಾನೆ. ಹನ್ನೆರಡು ಕಡಿಮೆ ಎಂದು ಗೊತ್ತಿದ್ದ ಮೇಲೆ ಆಪರೇಟರ್ ಎಂಬತ್ತಮೂರಕ್ಕೇ ಹಿಡಿ ಎಳೆಯಬೇಕಿತ್ತು. ತೊಂಬತ್ತಮೂರರವರೆಗೆ ಕಾದ. ಆದ್ದರಿಂದ ಕಾರಣ: ಆಪರೇಟರನ ನಿರ್ಲಕ್ಷ್ಯ. ಸರ್ಕಾರದ ತನಿಖಾಧಿಕಾರಿ ಒಪ್ಪಿ ಸಹಿ ಹಾಕಿದರೆ ಮುಗಿಯಿತು, ಅಪ್ಪ ತನ್ನ ಸಾವಿಗೆ ತಾನೇ ಹೊಣೆ.

ನನಗಾಗ ಇಪ್ಪತ್ತು ವರ್ಷ, ಗಣಿತದ ಮೇಡಂ ಆಗಲು ಓದುತ್ತಿದ್ದೆ. ಆ ಕಾಗದ ಹರಿದು ಮ್ಯಾನೇಜರನ ಬಾಯಿಗೆ ತುರುಕಬೇಕು ಅನ್ನಿಸಿತ್ತು. ಬೀದಿಯಲ್ಲಿ ಹೋದರೆ ಜನ ಮಾತು ನಿಲ್ಲಿಸುತ್ತಿದ್ದರು. ನಿರ್ಲಕ್ಷ್ಯ! ರಾತ್ರಿ ಬಾಗಿಲು ಹಾಕಿ ಮೂರು ಸಲ ಎಳೆದು ನೋಡುತ್ತಿದ್ದವನು ಅಪ್ಪ. ಅಮ್ಮ ಅಳುವುದನ್ನೂ ಬಿಟ್ಟು ಒಂದೇ ಮಾತು ಹೇಳುತ್ತಿದ್ದಳು: "ಅವ್ರು ಬೋರ್ಡ್ ಓದಿದ್ರೆ ಕಾಯ್ತಿರ್ಲಿಲ್ಲ. ಬೇಕಾದ್ರೆ ನನ್ನ ನಾಲಿಗೆ ಕತ್ತರಿಸ್ಲಿ." ಅವಳಿಗೆ ಬೇರೇನೂ ಬೇಕಿರಲಿಲ್ಲ. ಅವರು ತಪ್ಪು ಮಾಡಲಿಲ್ಲ ಎಂದು ಯಾರಾದರೂ ಸಹಿ ಹಾಕಿ ಕೊಡಬೇಕಿತ್ತು.

ಬೋರ್ಡು ಒರೆಸುವ ಪದ್ಧತಿ ಅಲ್ಲಿದ್ದ ಪ್ರತಿ ಆಪರೇಟರನಿಗೂ ಗೊತ್ತಿತ್ತು. ಯಾರೂ ಉಸಿರೆತ್ತಲಿಲ್ಲ. ಒರೆಸುತ್ತೇವೆ ಎಂದರೆ ಎಲ್ಲರೂ ನಿಯಮ ಮುರಿದವರಾಗುತ್ತಿದ್ದರು. ಬರೆದೆಯಾ ಎಂದು ಮಾವನನ್ನು ಕೇಳಿದರು, ಬರೆದೆ ಅಂದ. ಒರೆಸಿದೆಯಾ ಎಂದು ಯಾರೂ ಕೇಳಲಿಲ್ಲ. ಕೋಟು ಹಾಕಿದವರಿಗೆ ಅಂಥದ್ದೊಂದು ಇದೆ ಅಂತಲೇ ಗೊತ್ತಿರಲಿಲ್ಲ.

ತನಿಖಾಧಿಕಾರಿಗೆ ನೆರವಾಗಲು ಕಾಲೇಜಿನಿಂದ ಒಬ್ಬರು ಪ್ರೊಫೆಸರಮ್ಮ ಬಂದರು. ಗಿಡ್ಡ ಹೆಂಗಸು, ದಪ್ಪ ಕನ್ನಡಕ, ಮಾತು ಕಡಿಮೆ. ಕ್ಯಾಂಟೀನಿನ ಗೋಡೆಯ ಉದ್ದಕ್ಕೂ ಕಂದು ಕಾಗದ ಅಂಟಿಸಿ, ಚೌಕ, ವೃತ್ತ ಬರೆಯುತ್ತಾ ಹೋದರು. ಆ ಮಧ್ಯಾಹ್ನ ಯಾರು ಯಾರು ಎಲ್ಲೆಲ್ಲಿ ಏನೇನು ಆರಿಸಿದರು ಎಂಬುದರ ನಕ್ಷೆ. ಕೆಟಲ್ ಗೊತ್ತಿದ್ದವನೊಬ್ಬ ಬೇಕು ಎಂದಾಗ ಮಾವನನ್ನು ಅವರಿಗೆ ಒಪ್ಪಿಸಿದರು. ಮೊದಲ ದಿನ ಅವರು ಹೇಳಿದ್ದನ್ನು ಮಾವ ಇವತ್ತಿಗೂ ಹಾಗೇ ಒಪ್ಪಿಸುತ್ತಾನೆ: "ಯಾರು ತಪ್ಪು ಮಾಡಿದ್ರು ಅಂತ ನನಗೆ ಬೇಡ. ಆ ಹೊತ್ತಿಗೆ ಅವರ ಕಣ್ಣಿಗೆ ಏನು ಕಾಣ್ತಿತ್ತು, ಅಷ್ಟು ಹೇಳಿ. ಉಳಿದದ್ದು ತಾನಾಗೇ ಗೊತ್ತಾಗುತ್ತೆ."

ಮಾವ ಅದನ್ನು ಬೇಗ ಹಿಡಿದುಕೊಂಡ. ಸಂಜೆ ನಮ್ಮ ಮನೆಗೆ ಬಂದು ಅಡುಗೆಮನೆಯ ನೆಲದ ಮೇಲೆ ಪೊಟ್ಟಣ, ಮುಚ್ಚಳ ಇಟ್ಟು ಅಮ್ಮನಿಗೂ ನನಗೂ ತೋರಿಸುತ್ತಿದ್ದ. ಚೌಕಕ್ಕೆ ಪೊಟ್ಟಣ ಎಂಬುದು ಅಲ್ಲಿ ಹುಟ್ಟಿದ್ದು. "ಇದು ರಿಪೇರಿಯವನು. ಇದು ಸಹಾಯಕರು. ಇದು ಭಾವ." ಪ್ರತಿ ಪೊಟ್ಟಣದಲ್ಲೂ ಚೀಟಿ ಇತ್ತು. ಅಪ್ಪನ ಪೊಟ್ಟಣದಲ್ಲಿ ಮಾತ್ರ ಖಾಲಿ ಚೀಟಿ.

"ಇದಕ್ಕೆ ಯಾಕೆ ಬರ್ದಿಲ್ಲ?" ಎಂದು ನಾನು ಕೇಳಿದೆ.

"ಬರೀತೀನಿ" ಅಂದ.

ಮಾರನೇ ದಿನವೂ ಅದು ಖಾಲಿ. ಅದರ ಮಾರನೇ ದಿನವೂ ಖಾಲಿ. ಕ್ಯಾಂಟೀನಿನ ಗೋಡೆಯ ಮೇಲೂ ಆ ಒಂದು ಚೌಕ ಖಾಲಿಯಿದೆ, ಪ್ರೊಫೆಸರಮ್ಮ ಏನೂ ಕೇಳದೆ ದಿನಾ ಅದರ ಮುಂದೆ ಒಂದು ನಿಮಿಷ ನಿಂತು ಹೋಗುತ್ತಾರೆ ಎಂದು ಆಮೇಲೆ ತಿಳಿಯಿತು. ಮಾವ ಊಟ ಬಿಟ್ಟಿದ್ದ. ಗಡ್ಡ ಬೆಳೆದಿತ್ತು. ಭಾವ ಹೋದ ದುಃಖ ಎಂದು ನಾವು ಅಂದುಕೊಂಡೆವು. ದುಃಖವೇ, ಸುಳ್ಳಲ್ಲ.

ವಿಚಾರಣೆಯ ಹಿಂದಿನ ಸಂಜೆ ಬಂದು ನೆಲದ ಮೇಲೆ ಕೂತ. ಪೊಟ್ಟಣಗಳನ್ನು ಜೋಡಿಸಿದ. ಒಂದು ಹೆಚ್ಚಿತ್ತು. ರಿಪೇರಿಯವನದ್ದಕ್ಕೂ ಅಪ್ಪನದ್ದಕ್ಕೂ ನಡುವೆ ಅದನ್ನಿಟ್ಟ.

"ಇದ್ಯಾರು?" ಅಂದಳು ಅಮ್ಮ.

"ನಾನು."

ಪೊಟ್ಟಣದ ಹೊರಗೆ ಒಂದೇ ಮಾತು ಬರೆದಿತ್ತು: 'ಬೋರ್ಡು ಒರೆಸಿದ.'

ಅಮ್ಮ ಓದಿದಳು. ಅಪ್ಪನ ಪೊಟ್ಟಣ ತೆಗೆದು ತೆರೆದಳು. ಇವತ್ತು ಚೀಟಿಯಲ್ಲಿ ಬರವಣಿಗೆ ಇತ್ತು. 'ಬೋರ್ಡು ಖಾಲಿ. ಭಾಮೈದ ಎಲ್ಲ ಸರಿ ಅಂದಿದ್ದಾನೆ. ಮೀಟರ್ ತೊಂಬತ್ತಮೂರು.'

"ಪುಸ್ತಕದಲ್ಲಿ ತೊಂಬತ್ತೈದಕ್ಕೆ ಎಳೀಬೇಕು ಅಂತಿದೆ ಅಕ್ಕ" ಎಂದು ಮಾವ ತಲೆ ಎತ್ತದೆ ಹೇಳಿದ. "ಭಾವ ಎರಡು ಡಿಗ್ರಿ ಮುಂಚೆನೇ ಎಳೆದಿದ್ದಾರೆ. ಹುಡುಗರನ್ನ ಅದಕ್ಕೂ ಮುಂಚೆ ಹೊರಗೆ ಕಳಿಸಿದ್ದಾರೆ. ಅವರ ಕಣ್ಣಿಗೆ ಕಂಡದ್ದಕ್ಕೆ ಅವರು ಮಾಡಿದ್ದು ಸರಿ. ಯಾರೇ ಲೆಕ್ಕ ಹಾಕ್ಲಿ, ಸರಿ. ನಾಳೆ ಹೇಳ್ತೀನಿ."

ಅಮ್ಮ ಅಪ್ಪನ ಪೊಟ್ಟಣವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಎದ್ದು ಒಳಗೆ ಹೋದಳು. ಬಾಗಿಲು ಹಾಕಿಕೊಂಡಳು. ಮಾವ ಉಳಿದ ಪೊಟ್ಟಣಗಳನ್ನು ಚೀಲಕ್ಕೆ ತುಂಬಿಕೊಂಡ. ನಾನು ಅವನನ್ನು ಕಳಿಸಲು ಬಾಗಿಲವರೆಗೂ ಹೋಗಲಿಲ್ಲ. ಅವನ ಮೇಲೆ ಅಷ್ಟು ಕೋಪ ನನಗೆ ಹಿಂದೆಯೂ ಬಂದಿರಲಿಲ್ಲ, ಮುಂದೆಯೂ ಬರಲಿಲ್ಲ.

ಮಾರನೇ ದಿನ ಹೇಳಿದ. ಮ್ಯಾನೇಜರ್ ಎದ್ದು ನಿಂತು "ಇವನು ಅಕ್ಕನ ಗಂಡನ ಹೆಸರು ಉಳಿಸೋಕೆ ಕಥೆ ಕಟ್ಟುತ್ತಿದ್ದಾನೆ" ಅಂದ. ಪ್ರೊಫೆಸರಮ್ಮ ಉಳಿದ ಆಪರೇಟರುಗಳ ಕಡೆ ತಿರುಗಿ, "ಪಾಳಿ ಮುಗಿಸಿ ಹೋಗುವಾಗ ಬೋರ್ಡು ಒರೆಸೋರು ಕೈ ಎತ್ತಿ" ಅಂದರಂತೆ. ಮೊದಲು ಒಬ್ಬ ಮುದುಕ ಎತ್ತಿದ. ಅವನ ಹಿಂದೆ ಎಲ್ಲರೂ ಎತ್ತಿದರು.

ಅಧಿಕಾರಿಯ ವರದಿಯಲ್ಲಿ ಅಪ್ಪನ ಬಗ್ಗೆ ಬರೆದ ಸಾಲು ನನಗೆ ಬಾಯಿಪಾಠ: 'ತನಗೆ ಲಭ್ಯವಿದ್ದ ಮಾಹಿತಿಯ ಮೇಲೆ ಆಪರೇಟರ್ ಕೈಗೊಂಡ ನಿರ್ಧಾರ ಸರಿಯಾದದ್ದು.' ಅಮ್ಮ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದಳು. ಮಾವನನ್ನು ಒಂದು ವರ್ಷ ಸಸ್ಪೆಂಡ್ ಮಾಡಿದರು. ಆಮೇಲೆ ಅವನು ಕೆಟಲ್ ಹತ್ತಿರ ಹೋಗಲಿಲ್ಲ. ಪ್ರೊಫೆಸರಮ್ಮ ತಮ್ಮ ಜೊತೆ ಕರೆದುಕೊಂಡರು.

ಅಮ್ಮ ಅವನ ಹತ್ತಿರ ಮಾತು ಬಿಟ್ಟಳು.

ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಅವನು ಪ್ರತಿ ಭಾನುವಾರ ಬರುತ್ತಿದ್ದ. ಮೆಟ್ಟಿಲ ಮೇಲೆ ಕೂರುತ್ತಿದ್ದ. ನಲ್ಲಿ ಸೋರುತ್ತಿದ್ದರೆ ಸರಿ ಮಾಡುತ್ತಿದ್ದ, ಕಿಟಕಿಯ ಕೊಂಡಿ ಹಾಕುತ್ತಿದ್ದ. ಅಮ್ಮ ಟೀ ಮಾಡಿ ನನ್ನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದಳು. ತನ್ನ ಮೇಲಿನ ತಪ್ಪು ಒಪ್ಪಿಕೊಂಡು ಗಂಡನ ಹೆಸರು ಉಳಿಸಿದವನೂ ಇವನೇ, ಗಂಡ ಹೋಗಲು ಕಾರಣವಾದವನೂ ಇವನೇ. ಎರಡನ್ನೂ ಒಟ್ಟಿಗೆ ಹೇಗೆ ಹಿಡಿಯಬೇಕು ಎಂದು ಅವಳಿಗೆ ತಿಳಿಯಲಿಲ್ಲ. ನನ್ನ ಕೋಪ ವರ್ಷದಲ್ಲಿ ಇಳಿಯಿತು. ಅವಳದ್ದು ಕೋಪವೇ ಅಲ್ಲದ್ದರಿಂದ ಇಳಿಯುವ ಪ್ರಶ್ನೆಯೇ ಬರಲಿಲ್ಲ. ಹೀಗೆ ನಾಲ್ಕು ವರ್ಷ.

ಈ ನಾಲ್ಕು ವರ್ಷದಲ್ಲಿ ಮಾವ ಎಷ್ಟೋ ಕಡೆ ಹೋದ. ಭಾನುವಾರ ಮೆಟ್ಟಿಲ ಮೇಲೆ ಕೂತು ನನಗೆ ಹೇಳುತ್ತಿದ್ದ, ಒಳಗೆ ಕೇಳಿಸಲಿ ಎಂದೇ ಸ್ವಲ್ಪ ಜೋರಾಗಿ. ಒಂದು ಕಡೆ ಕೆಂಪು ಹಿಡಿಯ ಮೇಲೆ ಧೂಳು ಕೂತಿತ್ತಂತೆ. ಯಾಕೆ ಯಾರೂ ಮುಟ್ಟಲ್ಲ ಎಂದು ಕೇಳಿದರೆ, ಎಳೆದವನು ಮ್ಯಾನೇಜರಿಗೆ ಮೂರು ಪ್ರತಿ ವಿವರಣೆ ಬರೆದುಕೊಡಬೇಕು. ಮಾವ ಪೊಟ್ಟಣ ಇಟ್ಟು ಎರಡು ಗೆರೆ ಎಳೆದ. "ಎಳೆದ್ರೆ ಗ್ಯಾರಂಟಿ ಮೂರು ಕಾಗದ. ಎಳೀದಿದ್ರೆ ಸಾವಿರದಲ್ಲಿ ಒಂಬೈನೂರ ತೊಂಬತ್ತೊಂಬತ್ತು ಸಲ ಏನೂ ಇಲ್ಲ. ಸ್ವಾಮಿ, ಅವನು ಆರಿಸೋಕೆ ನೀವೆಲ್ಲಿ ಬಿಟ್ಟಿದ್ದೀರಿ? ನೀವೇ ಆರಿಸಿ ಇಟ್ಟಿದ್ದೀರಿ." ಕೊನೆಗೆ ನಿಯಮವನ್ನೇ ತಿರುಗಿಸಿದರು. ಎಳೆದವನು ಏನೂ ಬರೆಯಬೇಕಿಲ್ಲ. ಗಡಿ ದಾಟಿಯೂ ಎಳೆಯದವನು ಬರೆಯಬೇಕು. ಇನ್ನೊಂದು ಕಡೆ ಬೋರ್ಡಿನ ಬಟ್ಟೆಯನ್ನು ಬರುವ ಪಾಳಿಯವನ ಬೀಗದ ಪೆಟ್ಟಿಗೆಯಲ್ಲಿ ಇಡಿಸಿದ. ಒರೆಸುವ ಹಕ್ಕು ಬರುವವನದು, ಹೋಗುವವನದಲ್ಲ. ಈ ಒಂದನ್ನು ಅವನು ಹೋದ ಪ್ರತಿ ಕಾರ್ಖಾನೆಯಲ್ಲೂ ಮಾಡಿಸಿದ್ದಾನೆ, ಮಾಡದವರ ಗೇಟು ಮತ್ತೆ ತುಳಿದಿಲ್ಲ.

ನಾಲ್ಕನೇ ವರ್ಷದ ಒಂದು ಭಾನುವಾರ ಬಂದಾಗ ಸಿಟ್ಟಿನಲ್ಲಿದ್ದ. ಬಣ್ಣದ ಕಾರ್ಖಾನೆಯೊಂದರಲ್ಲಿ ಒಬ್ಬ ಆಪರೇಟರ್ ಕೆಂಪು ಹಿಡಿ ಎಳೆದಿದ್ದ. ಇಡೀ ಮಾಲು ನೀರುಪಾಲು. ಆಮೇಲೆ ನೋಡಿದರೆ ಏನೂ ಆಗುತ್ತಿರಲಿಲ್ಲ, ಮೀಟರ್ ಹೆಚ್ಚು ತೋರಿಸುತ್ತಿತ್ತು. ಅವನನ್ನು ಕೆಲಸದಿಂದ ತೆಗೆಯಬೇಕೆಂದು ಅಲ್ಲಿಯ ಮ್ಯಾನೇಜರ್ ಹಟ ಹಿಡಿದಿದ್ದ.

"ನಾನು ಅವನ ಪೊಟ್ಟಣ ತೆಗೆದು ಕೈಗೆ ಕೊಟ್ಟೆ ಕಣಮ್ಮ, ಓದಿ ಅಂದೆ. ಮೀಟರ್ ನೂರಾ ಎರಡು, ಬೆಲ್ ಹೊಡೀತಿದೆ. ಇದನ್ನ ನೋಡಿ ನೀವಾದ್ರೆ ಏನು ಮಾಡ್ತಿದ್ರಿ ಅಂದೆ. 'ಆದ್ರೆ ಕೊನೆಗೆ ಏನೂ ಆಗ್ತಿರ್ಲಿಲ್ವಲ್ಲ' ಅಂತಾನೆ. ಕೊನೆಗೆ ಏನಾಯ್ತು ಅನ್ನೋದು ಅವನಿಗೆ ಆಗ ಹೇಗೆ ಗೊತ್ತಿರ್ಬೇಕು? ಕೊನೆ ನೋಡ್ಕೊಂಡು ಮಧ್ಯದಲ್ಲಿದ್ದವನನ್ನ ಅಳೆಯೋದು ಯಾವ ನ್ಯಾಯ? ಅವನ ಕಣ್ಣಿಗೆ ಕಂಡದ್ದಕ್ಕೆ ಅವನು ಮಾಡಿದ್ದು ಸರಿ. ಇಷ್ಟು ಅರ್ಥ ಆಗಲ್ವಾ ಓದಿದೋರಿಗೆ?"

ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತು.

ಅಮ್ಮ ಒದ್ದೆ ಕೈಯಲ್ಲೇ ಹೊಸ್ತಿಲಿಗೆ ಬಂದಳು. ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಬೋರ್ಡ್ ಒರೆಸುವಾಗ ನಿನ್ನ ಕಣ್ಣಿಗೆ ಏನು ಕಾಣ್ತಿತ್ತು?" ಅಂದಳು.

ನಾಲ್ಕು ವರ್ಷದಲ್ಲಿ ಅವನ ಕಡೆ ಹೇಳಿದ ಮೊದಲ ಮಾತು. ಮಾವ ಕೈಯಲ್ಲಿದ್ದ ಟೀ ಲೋಟ ಕೆಳಗಿಟ್ಟ. ಊರಿನವರಿಗೆಲ್ಲ ಕೇಳುತ್ತಿದ್ದ ಆ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. ವಿಚಾರಣೆಯಲ್ಲೂ ಕೇಳಲಿಲ್ಲ. ಒರೆಸಿದೆ ಅಂದ, ಬರೆದುಕೊಂಡರು.

"ಎರಡಕ್ಕೆ ಐದು ನಿಮಿಷ ಇತ್ತು" ಅಂದ. "ಕೈ ಥರ್ಮಾಮೀಟರು, ಮೀಟರು, ಎರಡೂ ಎಪ್ಪತ್ತೊಂದು. ರಿಪೇರಿಯವನು ಹೋಗಿ ಆಗಿತ್ತು."

"ಆಮೇಲೇನು?" ಅಂದಳು ಅಮ್ಮ.

ಮಾವ ಅವಳ ಮುಖ ನೋಡಿದ.

"ಕಿಟಕಿಯಲ್ಲಿ ಭಾವ ಬರ್ತಿರೋದು ಕಾಣಿಸ್ತು. ಗೇಟ್ ಹತ್ರ. ಟಿಫಿನ್ ಡಬ್ಬಿ ಕೈಯಲ್ಲಿತ್ತು. ಕಾವಲುಗಾರನ ಹತ್ರ ಏನೋ ಮಾತಾಡಿ ನಗ್ತಾ ಬರ್ತಿದ್ರು ಅಕ್ಕ. ಬರೋಷ್ಟರಲ್ಲಿ ಬೋರ್ಡ್ ಚೊಕ್ಕಟ ಇರ್ಲಿ ಅಂತ..."

ಅಮ್ಮ ಹೊಸ್ತಿಲ ಮೇಲೆ ಕೂತಳು.

"ಯಾಕೆ ನಗ್ತಿದ್ರು?"

"ಗೊತ್ತಿಲ್ಲ ಅಕ್ಕ. ಕೇಳೋಣ ಅಂದ್ಕೊಂಡೆ. ಬಸ್ ಬಂದ್ಬಿಡ್ತು."

ಇಬ್ಬರೂ ಅತ್ತರು. ನಾನೂ ಅತ್ತೆ. ಪಕ್ಕದ ಮನೆಯವರು ಇಣುಕಿ ನೋಡಿ ಒಳಗೆ ಹೋದರು. ಎಷ್ಟೋ ಹೊತ್ತಿನ ಮೇಲೆ ಅಮ್ಮ ಎದ್ದು ಹೋಗಿ ತನ್ನ ಬಟ್ಟೆಗಳ ನಡುವಿನಿಂದ ಅಪ್ಪನ ಪೊಟ್ಟಣ ತಂದಳು. ನಾಲ್ಕು ವರ್ಷ ಅದು ಅಲ್ಲಿತ್ತೆಂದು ನನಗೆ ಗೊತ್ತಿರಲಿಲ್ಲ. ಅದನ್ನು ಮೆಟ್ಟಿಲ ಮೇಲೆ ಇಟ್ಟಳು.

"ನಿಂದೆಲ್ಲಿ?"

ಮಾವ ಚೀಲದ ತಳದಿಂದ ತೆಗೆದ. ಅಂಚು ಸವೆದು, 'ಬೋರ್ಡು ಒರೆಸಿದ' ಎಂಬ ಅಕ್ಷರ ಮಾಸಿತ್ತು. ಅಮ್ಮ ತೆರೆದು ನೋಡಿದಳು. ಒಳಗೆ ಏನೂ ಇರಲಿಲ್ಲ.

"ಅವರದ್ದಕ್ಕೆ ಬರೆದೆ. ಯಾರ್ಯಾರದ್ದಕ್ಕೋ ಬರೀತೀಯ. ಇದಕ್ಕೂ ಬರಿ."

"ನನ್ನ ಕೈಲಿ ಬರಲ್ಲ ಅಕ್ಕ."

ಬರಲಿಲ್ಲ ಎಂಬುದು ನಿಜ. ಒಂದು ಚೀಟಿ ತೆಗೆದು ಪೆನ್ಸಿಲ್ ಊರಿದ, ಮತ್ತೆ ಎತ್ತಿದ. ಅಮ್ಮ ಪೆನ್ಸಿಲ್ ಕಿತ್ತುಕೊಂಡು ನನ್ನ ಕೈಗೆ ಕೊಟ್ಟಳು. "ನೀನು ಬರಿ. ಅವನು ಹೇಳಿದ ಹಾಗೇ ಬರಿ."

ನಾನು ಬರೆದೆ. 'ಹೊತ್ತು ಒಂದೂ ಐವತ್ತೈದು. ಎರಡೂ ಎಪ್ಪತ್ತೊಂದು. ರಿಪೇರಿಯವನು ಹೋದ. ಭಾವ ನಗುತ್ತಾ ಬರುತ್ತಿದ್ದಾರೆ.'

ಅಮ್ಮ ಅದನ್ನು ಎರಡು ಸಲ ಓದಿದಳು. ಮಡಿಸಿ ಪೊಟ್ಟಣದಲ್ಲಿಟ್ಟು ಮುಚ್ಚಿದಳು. ಎರಡು ಪೊಟ್ಟಣಗಳನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಎದ್ದಳು.

"ಕೈ ತೊಳ್ಕೋ" ಅಂದಳು ತಮ್ಮನಿಗೆ. "ಒಳಗೆ ಬಂದು ಊಟ ಮಾಡು."